ಬೇರೆಯವರ ಹಾಡನ್ನು ನಿಮ್ಮ ಧಾಟಿಗೆ ತರುವುದು ಹೇಗೆ?

ಹಾಡು ಆರಿಸಿಕೊಂಡಿರಾ? ಹಾಗಾದರೆ ಒಂದು ವಾರ ಅದನ್ನು ಕೇಳಲೇಬೇಡಿ. ಆಮೇಲೆ ವಾದ್ಯ ಮುಟ್ಟದೆ ಬರೀ ಬಾಯಲ್ಲಿ ಹಾಡಿ, ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎಲ್ಲಿ ಸಾಲು ಮರೆತುಹೋಗಿದೆ, ಎಲ್ಲಿ ನಿಮಗೇ ಗೊತ್ತಿಲ್ಲದೆ ಸ್ವರ ಬೇರೆ ಕಡೆ ಹೊರಳಿದೆ, ಅದನ್ನೆಲ್ಲ ತಿದ್ದಲು ಹೋಗಬೇಡಿ. ಜನಪದ ಹಾಡು ಬಾಯಿಂದ ಬಾಯಿಗೆ ಬಂದದ್ದೂ ಹೀಗೇ ಅಲ್ವಾ, ಅರ್ಧ ನೆನಪು, ಅರ್ಧ ಮರೆವು.

ಹಳೆಯ ಹಾಡಾದರೆ ಕೆಲಸ ಸ್ವಲ್ಪ ಸುಲಭ, ಯಾಕೆಂದರೆ ಅದಕ್ಕೆ ಹಲವು ಪಾಠಗಳಿರುತ್ತವೆ, ಅಂದರೆ ಒಂದೇ ಹಾಡಿನ ಬೇರೆ ಬೇರೆ ರೂಪಗಳು. ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಚೈಲ್ಡ್ 19ನೇ ಶತಮಾನದ ಕೊನೆಯಲ್ಲಿ 305 ಇಂಗ್ಲಿಷ್ ಮತ್ತು ಸ್ಕಾಟಿಷ್ ಕಥನಗೀತೆಗಳನ್ನು ಸಂಗ್ರಹಿಸಿದಾಗ, ಒಂದೇ ಕಥೆಯ ಬೇರೆ ಬೇರೆ ಪಾಠಗಳನ್ನು ಪಕ್ಕಪಕ್ಕದಲ್ಲೇ ಅಚ್ಚು ಹಾಕಿದರು. ಮೂರ್ನಾಲ್ಕು ಪಾಠ ಕೇಳಿ, ಒಂದರಿಂದ ಚರಣ, ಇನ್ನೊಂದರಿಂದ ಮಟ್ಟು ತೆಗೆದುಕೊಳ್ಳಬಹುದು. ಜನಪ್ರಿಯ ಹಾಡು ಹಾಗಲ್ಲ, ಎಲ್ಲರ ಕಿವಿಯಲ್ಲೂ ಅದೊಂದೇ ರೂಪ ಕೂತಿರುತ್ತದೆ. ಅದಕ್ಕೇ ಆ ಪ್ರಸಿದ್ಧ ಆರಂಭದ ಸಂಗೀತವನ್ನು ಮುಲಾಜಿಲ್ಲದೆ ಬಿಟ್ಟುಬಿಡಿ, ನೇರವಾಗಿ ಮಾತಿಗೇ ಬನ್ನಿ.

ಈಗ ಹಾಡಿನ ನಡೆ, ಅಂದರೆ ಲಯದ ವಿಷಯ. ನಾಲ್ಕೆಣಿಕೆಯ ಹಾಡನ್ನು ಕಾಲು ತಟ್ಟುತ್ತಾ ಮೂರೆಣಿಕೆಯಲ್ಲಿ, ನಿಧಾನವಾಗಿ ಹೇಳಿ ನೋಡಿ. ಕುಣಿಸುತ್ತಿದ್ದ ಹಾಡು ತೂಗತೊಡಗುತ್ತದೆ. ಆದರೆ ಇಲ್ಲೊಂದು ಗುಂಡಿ ಇದೆ, ನಾನು ಸುಮಾರು ಸಲ ಬಿದ್ದಿದ್ದೇನೆ: ನಿಧಾನ ಮಾಡಿದಾಗ ಅಕ್ಷರ ಎಳೆಯಬೇಕಾಗುತ್ತದೆ, ಕನ್ನಡದಲ್ಲಿ ಎಲ್ಲೆಂದರಲ್ಲಿ ಎಳೆದರೆ ಅರ್ಥವೇ ಕೆಡುತ್ತದೆ. ‘ಬಿಡು’ ಹೋಗಿ ‘ಬೀಡು’, ‘ಮರ’ ಹೋಗಿ ‘ಮಾರ’. ಆದ್ದರಿಂದ ಮೊದಲೇ ದೀರ್ಘ ಇರುವ ಅಕ್ಷರವನ್ನೋ ಸಾಲಿನ ಕೊನೆಯನ್ನೋ ಎಳೆಯಿರಿ, ಹ್ರಸ್ವಗಳನ್ನು ಮಾತಿನ ಹಾಗೆ ಬೇಗ ದಾಟಿಸಿ.

ಮಾತು ಬದಲಿಸುವಾಗ ಕೈ ಬಿಗಿ ಇರಲಿ. ಅಮೆರಿಕದ ಗಾಯಕ ಜಾನಿ ಕ್ಯಾಶ್ 2002ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, 1994ರ ಒಂದು ರಾಕ್ ಹಾಡು ಹಾಡಿದರು. ಕಿರೀಟದ ಜೊತೆಗಿದ್ದ ಹೊಲಸು ಪದ ತೆಗೆದು ಮುಳ್ಳು ಅಂತ ಹಾಕಿದರು, ಅಷ್ಟೇ. ಮುಳ್ಳಿನ ಕಿರೀಟ ಅಂದ ಕೂಡಲೇ ಹಾಡು ಒಬ್ಬ ಮುದುಕನ ಪ್ರಾರ್ಥನೆಯ ಹತ್ತಿರ ಬಂತು. ಆ ಒಂದು ಪದ ಸಿಗದಿದ್ದರೆ ಸುಮ್ನೆ ಇದ್ದದ್ದನ್ನೇ ಹಾಡಿ.

ಹಿಮ್ಮೇಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಶ್ರುತಿ, ಒಂದು ವಾದ್ಯದಿಂದ ಶುರು ಮಾಡಿ. ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಆರಿದ್ದರೆ ಎರಡಕ್ಕೆ ಇಳಿಸಿ.

ಹೆಸರು ಹಾಕುವುದನ್ನು ಮಾತ್ರ ಮರೆಯಬೇಡಿ. ಹಾಡು ಯಾರದ್ದೂ ಅಲ್ಲದಿರಬಹುದು, ಅದನ್ನು ಹೊಂದಿಸಿದ ರೀತಿ ಒಬ್ಬರದ್ದಾಗಿರುತ್ತದೆ. ಅಮೆರಿಕದ ಗಾಯಕ ಪಾಲ್ ಸೈಮನ್ ಲಂಡನ್ನಿನಲ್ಲಿ ಇಂಗ್ಲಿಷ್ ಜನಪದ ಗಾಯಕ ಮಾರ್ಟಿನ್ ಕಾರ್ಥಿಯವರಿಂದ ಒಂದು ಹಳೆಯ ಇಂಗ್ಲಿಷ್ ಹಾಡು ಕಲಿತರು. 1966ರಲ್ಲಿ ಅದು ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ ಆಲ್ಬಂನಲ್ಲಿ ಬಂತು, ಕಾರ್ಥಿ ಹೆಸರೇ ಇರಲಿಲ್ಲ. ಆ ಮುನಿಸು ತೀರಿ ಸೈಮನ್, ಕಾರ್ಥಿ ಇಬ್ಬರೂ ಒಂದೇ ವೇದಿಕೆಯಲ್ಲಿ ಅದನ್ನು ಹಾಡಲು 2000ದವರೆಗೆ ಕಾಯಬೇಕಾಯಿತು. ಹೊಸ ಹಾಡಾದರೆ ಹಕ್ಕುದಾರರ ಅನುಮತಿಯನ್ನೂ ವಿಚಾರಿಸಿ.

ಎಲ್ಲ ಆದಮೇಲೆ ಮೂಲ ಹಾಡು ಕೇಳಿರದ ಒಬ್ಬರ ಎದುರು ಹಾಡಿ, ಕಥೆ ಏನು ಅಂತ ಕೇಳಿ. ತಡವರಿಸಿದರೆ ಇನ್ನೊಂದು ವಾದ್ಯ ಕೆಳಗಿಡಿ.