ಒಂದೇ ಉಂಡೆ ದಾರ, ಮೂರು ಸಲ

ಈ ಚಳಿಗಾಲದಲ್ಲಿ ನಾನು ಹೆಣೆದು ಮುಗಿಸಿದ್ದು ಒಂದೇ ಒಂದು ಟೋಪಿ. ಬಿಚ್ಚಿದ್ದು ಮಾತ್ರ ಅದಕ್ಕಿಂತ ಜಾಸ್ತಿ. 100 ಗ್ರಾಂನ ಒಂದು ಉಂಡೆ ಉಣ್ಣೆ ದಾರ, ಸುಮಾರು 200 ಮೀಟರ್. ಅದು ಮೊದಲು ಮಫ್ಲರ್ ಆಗಲು ಹೊರಟಿತು, ಆಮೇಲೆ ದೊಡ್ಡ ಟೋಪಿ ಆಯಿತು, ಕೊನೆಗೆ ಸರಿಯಾದ ಟೋಪಿ ಆಯಿತು.

ಮಫ್ಲರ್‌ನಿಂದ ಶುರು ಮಾಡಿದ್ದು ಅದು ಸುಲಭ ಅಂತ. ಬರೀ ಸೀದಾ ಹೊಲಿಗೆ, ಹೋಗುತ್ತಾ ಬರುತ್ತಾ ಅದೇ. ಕಡ್ಡಿಗೆ 40 ಹೊಲಿಗೆ ಏರಿಸಿಕೊಂಡೆ. ಒಂದು ಗೇಣು ಉದ್ದ ಆದ ಮೇಲೆ ಹರಡಿ ನೋಡಿದರೆ ಕೆಳಗೆ ಸಪೂರ, ಮೇಲೆ ಅಗಲ. ಎಣಿಸಿದೆ, 53 ಇದ್ದವು! ಆ ಹದಿಮೂರು ಎಲ್ಲಿಂದ ಬಂದವು ಅಂತ ತಲೆ ಕೆರೆದುಕೊಂಡೆ.

ಕಳ್ಳ ಸಿಕ್ಕಿದ್ದು ಅಂಚಿನಲ್ಲಿ. ಸಾಲು ಮುಗಿಸಿ ಹೆಣಿಗೆ ತಿರುಗಿಸಿದಾಗ ದಾರ ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ಹೋಗಬೇಕು. ನಾನು ಕಡ್ಡಿಯ ಮೇಲಿನಿಂದ ಎಳೆಯುತ್ತಿದ್ದೆ. ಹಾಗೆ ಎಳೆದಾಗ ಮೊದಲ ಹೊಲಿಗೆ ಮೇಲಕ್ಕೆ ಎದ್ದು, ಅದರ ಎರಡೂ ಕಾಲು ಕಡ್ಡಿಯ ಮೇಲೆ ಕೂತು, ಎರಡು ಹೊಲಿಗೆ ಇದ್ದಂತೆ ಕಾಣುತ್ತದೆ. ನಾನು ಅವೆರಡನ್ನೂ ಪಾಪದ ಹಾಗೆ ಬೇರೆ ಬೇರೆ ಹೆಣೆಯುತ್ತಿದ್ದೆ. ಗೊತ್ತಾದ ಮೇಲೆ ಕಡ್ಡಿ ಎಳೆದು ಹಾಕಿ ಬಿಚ್ಚಿದೆ. ಒಂದು ವಾರದ ಕೆಲಸ ಹೋಗಲು ಐದು ನಿಮಿಷವೂ ಬೇಕಾಗಲಿಲ್ಲ.

ಬಿಚ್ಚಿದ ದಾರ ನೂಡಲ್ಸ್ ಹಾಗೆ ಗುಂಗುರು ಗುಂಗುರಾಗಿರುತ್ತದೆ. ಅದರಲ್ಲೇ ಮತ್ತೆ ಹೆಣೆದರೆ ಹೊಲಿಗೆ ಒಂದೊಂದೂ ಒಂದೊಂದು ಅಳತೆ. ಅದಕ್ಕೇ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿದೆ, ನಾಲ್ಕು ಕಡೆ ಸಡಿಲವಾಗಿ ಬೇರೆ ದಾರ ಕಟ್ಟಿದೆ, ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಸುಮ್ನೆ ನೆನೆಯಲು ಬಿಟ್ಟೆ. ಉಜ್ಜಬಾರದು, ಹಿಂಡಿ ತಿರುಚಬಾರದು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿ ನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ದಾರ ಗಟ್ಟಿಯಾಗಿ ಬಿಡುತ್ತದೆ. ಆಮೇಲೆ ಬಿಚ್ಚುವ ಮಾತೇ ಇಲ್ಲ. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೇತು ಹಾಕಿದೆ. ಮರುದಿನ ಗುಂಗುರು ಬಹುಪಾಲು ಹೋಗಿತ್ತು.

ಈಗ ಟೋಪಿ. ನನ್ನ ತಲೆ ಸುತ್ತಳತೆ 56 ಸೆಂಟಿಮೀಟರ್. ಟೋಪಿ ತಲೆಗಿಂತ ಆರೇಳು ಸೆಂಟಿಮೀಟರ್ ಚಿಕ್ಕದಿರಬೇಕು, ಆಗಲೇ ಹಿಡಿದು ಕೂರುತ್ತದೆ. ದಾರದ ಚೀಟಿಯಲ್ಲಿ 5 ಮಿಲಿಮೀಟರ್ ಕಡ್ಡಿ, 10 ಸೆಂಟಿಮೀಟರಿಗೆ 18 ಹೊಲಿಗೆ ಅಂತ ಇತ್ತು. ಲೆಕ್ಕ ಹಾಕಿ 88 ಹೊಲಿಗೆ ಏರಿಸಿದೆ. ಕೆಳಗಿನ ಪಟ್ಟಿಗೆ ಎರಡು ಸೀದಾ, ಎರಡು ಉಲ್ಟಾ (ಸೀದಾ ಹೊಲಿಗೆಯ ಹಿಂಬದಿ ಮುಂದೆ ಕಾಣುವ ಹೊಲಿಗೆ) ಹಾಕುವುದಿತ್ತು. 88 ನಾಲ್ಕರಿಂದ ಭಾಗ ಹೋಗುತ್ತದೆ, ಸರಿ ಹೊಂದಿತು. ಎರಡು ಮೊನೆಗಳ ನಡುವೆ ಬಾಗುವ ತಂತಿ ಇರುವ ದುಂಡನೆಯ ಕಡ್ಡಿಯಲ್ಲಿ ಸುತ್ತು ಸುತ್ತಾಗಿ ಹೆಣೆದೆ. ಹತ್ತು ದಿನ ಆದ ಮೇಲೆ ಹಾಕಿಕೊಂಡರೆ ಹುಬ್ಬು ದಾಟಿ ಮೂಗಿನ ಮೇಲೆ ಬಂತು.

ಚೀಟಿಯಲ್ಲಿ ಬರೆದದ್ದು ಚೀಟಿ ಬರೆದವರ ಕೈ ಹದ. ನನ್ನ ಕೈ ಸಡಿಲ. ಅದೇ ಕಡ್ಡಿಯಲ್ಲಿ ನನಗೆ 10 ಸೆಂಟಿಮೀಟರಿಗೆ 15 ಹೊಲಿಗೆ ಬೀಳುತ್ತಿತ್ತು. 88 ಹೊಲಿಗೆಗೆ ಸುಮಾರು 59 ಸೆಂಟಿಮೀಟರ್ ಆಯಿತಲ್ಲ, ತಲೆಗಿಂತಲೇ ದೊಡ್ಡದು! ಮಾದರಿ ತುಂಡು ಹೆಣೆದು ಅಳೆದು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲರ ಹಾಗೆ ನಾನೂ ಕೇಳಿರಲಿಲ್ಲ.

ಎರಡನೇ ಸಲ ಬಿಚ್ಚುವಾಗ ಅಷ್ಟು ಬೇಜಾರಾಗಲಿಲ್ಲ. ಒಲೆಯ ಮೇಲೆ ಬೀನ್ಸ್ ಸೂಪ್ ಕುದಿಯುತ್ತಿತ್ತು, ಅದಕ್ಕೆ ಆಗಲೇ ಒಂದು ಚಮಚ ಉಪ್ಪು ಜಾಸ್ತಿ ಬಿದ್ದಿತ್ತು. ನೀರು ಹಾಕಬಹುದು, ಆಲೂಗಡ್ಡೆ ಹಾಕಬಹುದು, ಆದರೆ ಹಾಕಿದ ಉಪ್ಪನ್ನು ವಾಪಸ್ ಡಬ್ಬಕ್ಕೆ ಹಾಕಲಾಗುವುದಿಲ್ಲ. ದಾರ ಮಾತ್ರ ಪೂರ್ತಿ 200 ಮೀಟರೂ ನನ್ನ ಕೈಗೆ ವಾಪಸ್ ಬಂತು. ಮನೆಯಲ್ಲಿ ಮಾಡುವ ಬೇರೆ ಯಾವ ಕೆಲಸದಲ್ಲಿ ಹೀಗಾಗುತ್ತದೆ ಹೇಳಿ?

ಈ ಸಲ ಮೊದಲು ಮಾದರಿ ತುಂಡು. 4 ಮಿಲಿಮೀಟರ್ ಕಡ್ಡಿ ಹಿಡಿದು ಅಂಗೈಗಿಂತ ಸ್ವಲ್ಪ ದೊಡ್ಡ ಚೌಕ ಹೆಣೆದೆ, ತೊಳೆದೆ, ಒಣಗಿಸಿದೆ, ಆಮೇಲೆ ಅಂಚು ಬಿಟ್ಟು ನಡುವಿನಲ್ಲಿ ಅಳೆದೆ. ಅಂಚಿನ ಹೊಲಿಗೆ ಯಾವಾಗಲೂ ಸುಳ್ಳು ಹೇಳುತ್ತದೆ. 18 ಬಂತು. ಅದೇ 88 ಹೊಲಿಗೆ ಈಗ 49 ಸೆಂಟಿಮೀಟರ್ ಆಗುತ್ತದೆ. ಟೋಪಿಯನ್ನು ಸುತ್ತಾಗಿ ಹೆಣೆಯುವುದರಿಂದ ಮಾದರಿಯನ್ನೂ ಸುತ್ತಾಗಿಯೇ ಹೆಣೆದರೆ ಇನ್ನೂ ಒಳ್ಳೆಯದು, ಚೌಕದಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಬರುತ್ತದೆ, ಎರಡಕ್ಕೂ ಕೈಯ ಬಿಗಿ ಒಂದೇ ಇರುವುದಿಲ್ಲ. ನಾನು ಅಷ್ಟು ಶಿಸ್ತಿನ ಪ್ರಾಣಿ ಅಲ್ಲ.

ಕೆಳಗಿನ ಪಟ್ಟಿಗೆ ಕಣ್ಣು ಬೇಕೇ ಬೇಕು. ಅದು ಮುಗಿದು ಬರೀ ಸೀದಾ ಸುತ್ತು ಶುರುವಾದ ಮೇಲೆ ಬೆರಳೇ ನೋಡಿಕೊಳ್ಳುತ್ತದೆ. ಆಗ ಪುಸ್ತಕ ಓದೋಣ ಅಂತ ಆಸೆಯಾಯಿತು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಪುಸ್ತಕ, ಹಾಳೆ ಮಗುಚದಂತೆ ಎರಡು ಬಟ್ಟೆ ಕ್ಲಿಪ್. ಪುಟ ತಿರುಗಿಸುವಾಗೆಲ್ಲ ಕೈ ಬಿಡಬೇಕು, ಕ್ಲಿಪ್ ತೆಗೆಯಬೇಕು, ಮತ್ತೆ ಹಾಕಬೇಕು. ನಾಲ್ಕನೇ ಪುಟಕ್ಕೆ ಸಾಕಾಯಿತು. ಆಡಿಯೋ ಪುಸ್ತಕವೇ ಸರಿ ಅನ್ನಿಸಿತು. ಅದರಲ್ಲೂ ಒಂದು ತಮಾಷೆ ಆಯಿತು. ಪತ್ತೇದಾರಿ ಕಥೆ ಕೇಳುತ್ತಿದ್ದೆ. ಟೋಪಿಯ ನಡುವೆ ಆರೇಳು ಸುತ್ತು ಉಳಿದವುಗಳಿಗಿಂತ ಬಿಗಿ. ಬೆಳಕಿಗೆ ಹಿಡಿದರೆ ಪಟ್ಟೆ ಕಾಣುತ್ತದೆ. ಕೊಲೆಗಾರ ಯಾರು ಅಂತ ಗೊತ್ತಾಗುವ ಅಧ್ಯಾಯ ಅದು! ತೊಳೆದ ಮೇಲೆ ಸ್ವಲ್ಪ ಸರಿಹೋಯಿತು, ಪೂರ್ತಿ ಅಲ್ಲ.

ಅಡುಗೆಗೂ ಹೆಣಿಗೆಗೂ ಜೋಡಿ ಚೆನ್ನಾಗಿ ಕೂರುತ್ತದೆ, ಕಲಕುತ್ತಲೇ ಇರಬೇಕಾದ ಅಡುಗೆ ಮಾತ್ರ ಬೇಡ. ನಾನು ರಾತ್ರಿಯೇ ಕೆಂಪು ಬೀನ್ಸ್ ನೆನೆಸಿಟ್ಟು, ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರಿಗೆ ಹಾಕುತ್ತೇನೆ. ಮೊದಲ ಹತ್ತು ನಿಮಿಷ ಜೋರಾಗಿ ಕುದಿಯಲೇಬೇಕು. ಹಸಿ ಕೆಂಪು ಬೀನ್ಸ್‌ನಲ್ಲಿ ಹೊಟ್ಟೆ ಕೆಡಿಸುವ ಅಂಶ ಇರುತ್ತದೆ, ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟರೆ ಅದು ಹೋಗುವುದಿಲ್ಲ. ಆ ಹತ್ತು ನಿಮಿಷ ಕಡ್ಡಿ ಮುಟ್ಟುವುದಿಲ್ಲ. ಆಮೇಲೆ ಉರಿ ತಗ್ಗಿಸಿ ಕೂತರೆ ಒಂದು ಸುತ್ತಿಗೆ ನಾಲ್ಕು ನಿಮಿಷ, ಹದಿನೈದು ಸುತ್ತಿಗೆ ಒಂದು ಗಂಟೆ. ಗಡಿಯಾರ ನೋಡುವುದೇ ಬೇಡ. ಈರುಳ್ಳಿ ಹೆಚ್ಚಿದ ಕೈಯನ್ನು ಮಾತ್ರ ಚೆನ್ನಾಗಿ ತೊಳೆದು ಒರೆಸಿಕೊಂಡೇ ದಾರ ಮುಟ್ಟಿ. ಉಣ್ಣೆ ವಾಸನೆಯನ್ನು ಬೇಗ ಹಿಡಿಯುತ್ತದೆ, ಟೋಪಿ ಕೂರುವುದು ಮೂಗಿನ ಹತ್ತಿರವೇ ಅಲ್ವಾ?

ಹೀಗೆ ಒಮ್ಮೆ ಸೂಪ್ ನೋಡಲು ಎದ್ದು ಬಂದು ಕೂತಾಗ ಒಂದು ಹೊಲಿಗೆ ಕಡ್ಡಿಯಿಂದ ಜಾರಿತ್ತು. ಐದು ಸುತ್ತು ಕೆಳಗಿಳಿದು ನಿಂತಿತ್ತು, ಅದರ ಮೇಲೆ ಅಡ್ಡ ದಾರಗಳು ಏಣಿಯ ಮೆಟ್ಟಿಲ ಹಾಗೆ. ಮೊದಲಾಗಿದ್ದರೆ ಮತ್ತೆ ಎಲ್ಲ ಬಿಚ್ಚುತ್ತಿದ್ದೆನೋ ಏನೋ. ಈಗ ಕೊಕ್ಕೆ ಮೊನೆಯ ಕ್ರೋಶಾ ಕಡ್ಡಿ ತಂದೆ. ಕೆಳಗಿನ ಕುಣಿಕೆಯೊಳಗೆ ಮುಂದಿನಿಂದ ತೂರಿಸಿ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಹಿಡಿದು, ಕುಣಿಕೆಯೊಳಗಿಂದ ಎಳೆದೆ. ಒಂದು ಸುತ್ತು ಮೇಲೆ ಬಂತು. ಮತ್ತೊಂದು ಮೆಟ್ಟಿಲು, ಮತ್ತೊಂದು. ಐದನೆಯದು ಮುಗಿದು ಹೊಲಿಗೆ ಮತ್ತೆ ಕಡ್ಡಿ ಏರಿದಾಗ ಉಸಿರು ಬಿಟ್ಟೆ.

ನೆತ್ತಿಗೆ ಬಂದಾಗ 88 ಅನ್ನು ಎಂಟು ಭಾಗ ಮಾಡಿದೆ, ಭಾಗಕ್ಕೆ ಹನ್ನೊಂದು. ಪ್ರತಿ ಭಾಗದ ಕೊನೆಯಲ್ಲಿ ಎರಡು ಹೊಲಿಗೆ ಸೇರಿಸಿ ಒಂದು ಮಾಡಿದರೆ ಸುತ್ತಿಗೆ ಎಂಟು ಕಡಿಮೆಯಾಗುತ್ತದೆ. ಒಂದು ಸುತ್ತು ಕಡಿಮೆ ಮಾಡು, ಒಂದು ಸುತ್ತು ಹಾಗೇ ಹೆಣೆ. ಹೊಲಿಗೆ ಕಡಿಮೆಯಾದ ಹಾಗೆ ದುಂಡನೆಯ ಕಡ್ಡಿ ಸುತ್ತ ಎಟುಕುವುದಿಲ್ಲ, ಎರಡೂ ಕಡೆ ಮೊನೆ ಇರುವ ನಾಲ್ಕು ಗಿಡ್ಡ ಕಡ್ಡಿಗೆ ಹಂಚಿ, ಐದನೆಯದರಿಂದ ಹೆಣೆದೆ. ಮುಳ್ಳುಹಂದಿ ಹಿಡಿದುಕೊಂಡ ಹಾಗೆ ಇತ್ತು. ಹತ್ತು ಸಲ ಕಡಿಮೆ ಮಾಡಿದ ಮೇಲೆ ಎಂಟು ಹೊಲಿಗೆ ಉಳಿದವು. ಒಂದು ಗೇಣು ಬಿಟ್ಟು ದಾರ ಕತ್ತರಿಸಿದೆ, ದಬ್ಬಳಕ್ಕೆ ಪೋಣಿಸಿ ಎಂಟರೊಳಗೂ ಹಾಯಿಸಿ ಎಳೆದೆ. ನೆತ್ತಿಯ ತೂತು ಮುಚ್ಚಿಕೊಂಡಿತು.

ಉಳಿದ ದಾರ ನಿಂಬೆಹಣ್ಣಿನಷ್ಟು ಇದೆ. ಮಾದರಿ ತುಂಡನ್ನು ಬಿಚ್ಚಿದರೆ ಇನ್ನೂ ಸ್ವಲ್ಪ ಸಿಗುತ್ತದೆ. ಆದರೆ ಅದು ಈಗ ಸೂಪ್ ಬಟ್ಟಲಿನ ಕೆಳಗೆ ಸೇರಿಕೊಂಡಿದೆ, ಒಂದು ಮೂಲೆಗೆ ಟೊಮೆಟೊ ಕಲೆಯೂ ಆಗಿದೆ.