ಎಷ್ಟನೆಯ ದಿನ? ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೊರೊನಾ ರೋಗಿಗಳನ್ನು ನೋಡಿದ ನನ್ನ ಅನುಭವ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿದ ದಿನಗಳಲ್ಲಿ, ನಮ್ಮ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಕೇಳುತ್ತಿದ್ದುದು ಮೂರೇ ಪ್ರಶ್ನೆ: ಜ್ವರವಿದೆಯೇ, ಕೆಮ್ಮಿದೆಯೇ, ಉಸಿರಾಡಲು ಕಷ್ಟವಾಗುತ್ತಿದೆಯೇ. ಮೂರಕ್ಕೂ ಇಲ್ಲವೆಂದವರನ್ನು ಸಾಮಾನ್ಯ ಹಾಸಿಗೆಗಳ ಕಡೆಗೆ ಕಳುಹಿಸುತ್ತಿದ್ದೆವು. ಇಷ್ಟು ಸಾಲದೆಂಬುದು ನನಗೆ ಮನವರಿಕೆಯಾದದ್ದು ನನ್ನದೇ ತಪ್ಪಿನಿಂದ.

ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಬಿದ್ದುಬಿಟ್ಟರೆಂದು ಅವರ ಮಗ ಕರೆತಂದಿದ್ದರು. ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಸೊಂಟದ ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲವೆಂದು ಕಂಡು ನಾನು ಸಮಾಧಾನಪಟ್ಟೆ. "ಎರಡು ದಿನದಿಂದ ಏನೇನೋ ಮಾತಾಡ್ತಾರೆ ಡಾಕ್ಟ್ರೇ, ಊಟಾನೂ ಬೇಡ ಅಂತಾರೆ" ಎಂದು ಮಗ ಹೇಳಿದ್ದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದೆ. ಸಂಜೆ ನರ್ಸ್ ಬೆರಳಿಗೆ ರಕ್ತದ ಆಕ್ಸಿಜನ್ ಮಟ್ಟ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿದಾಗ ಅದು ತೋರಿಸಿದ್ದು ಶೇಕಡಾ 86 ಮಾತ್ರ. ವಯಸ್ಸಾದವರಲ್ಲಿ ಮಂಕು, ಗೊಂದಲ, ಬೀಳುವುದು, ಊಟ ಬಿಡುವುದು ಇವೇ ಈ ರೋಗದ ಮೊದಲ ಲಕ್ಷಣಗಳಾಗಿರಬಹುದು, ಕೆಲವೊಮ್ಮೆ ಬೇರೆ ಲಕ್ಷಣವೇ ಇರದಿರಬಹುದು ಎಂಬುದನ್ನು ಅಂದಿನಿಂದ ನಾನು ಮರೆತಿಲ್ಲ.

ಉಳಿದವರಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ಜ್ವರ, ಒಣಕೆಮ್ಮು, ಮೈಕೈ ನೋವು, ಎದ್ದು ಕೂರಲಾಗದಷ್ಟು ಸುಸ್ತು, ಮೂಗು ಕಟ್ಟದಿದ್ದರೂ ವಾಸನೆ ತಿಳಿಯದಿರುವುದು. ಕೆಲವರು ಬರೀ ಭೇದಿ, ವಾಂತಿಯೆಂದು ಬರುತ್ತಿದ್ದರು. ಆದರೆ ಲಕ್ಷಣಗಳ ಪಟ್ಟಿಗಿಂತ ನನಗೆ ಹೆಚ್ಚು ನೆರವಾದದ್ದು ದಿನಗಳ ಲೆಕ್ಕ. ರೋಗ ಬಿಗಡಾಯಿಸುವವರಲ್ಲಿ ಉಸಿರಾಟದ ತೊಂದರೆ ಸಾಮಾನ್ಯವಾಗಿ ಶುರುವಾಗುವುದು ಮೊದಲ ಲಕ್ಷಣ ಕಂಡಾಗಿನಿಂದ ಐದರಿಂದ ಎಂಟನೆಯ ದಿನದ ಸುಮಾರಿಗೆ. ಹಾಗಾಗಿ ಎರಡನೆಯ ದಿನ ಚೆನ್ನಾಗಿರುವವರ ಬಗ್ಗೆ ನಿಶ್ಚಿಂತೆಯಿಂದ ಇರುವಂತಿಲ್ಲ. ಎಷ್ಟು ದಿನವಾಯಿತು ಎಂದರೆ ಹಲವರು ಪರೀಕ್ಷೆ ಮಾಡಿಸಿದ ದಿನದಿಂದ ಎಣಿಸುತ್ತಾರೆ. ಆದ್ದರಿಂದ "ಎಂದಿನ ಹಾಗೆ ಕೆಲಸ ಮಾಡಿದ್ದು ಕೊನೆಗೆ ಯಾವತ್ತು?" ಎಂದು ಕೇಳತೊಡಗಿದೆ. ಆಗ ನಿಜವಾದ ಲೆಕ್ಕ ಸಿಗುತ್ತಿತ್ತು.

ನಮ್ಮನ್ನು ಹೆಚ್ಚು ದಿಗಿಲುಗೊಳಿಸಿದ್ದು ಸದ್ದಿಲ್ಲದೆ ಇಳಿಯುವ ಆಕ್ಸಿಜನ್. ಒಬ್ಬರು ಹಾಸಿಗೆಯ ಅಂಚಿನಲ್ಲಿ ಕುಳಿತು ಮನೆಯವರೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದರು. "ನಂಗೇನೂ ಇಲ್ಲ ಡಾಕ್ಟ್ರೇ" ಎಂದರು. ಆಕ್ಸಿಮೀಟರಿನಲ್ಲಿ 78 ಇತ್ತು. ಯಂತ್ರ ಕೆಟ್ಟಿದೆಯೆಂದು ಬೇರೊಂದನ್ನು ತರಿಸಿದರೆ ಅದೂ ಅಷ್ಟನ್ನೇ ತೋರಿಸಿತು. ತುಟಿ ನೀಲಿಗಟ್ಟುತ್ತಿತ್ತು. ನಮಗೆ ಉಸಿರುಗಟ್ಟಿದಂತೆ ಅನ್ನಿಸುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಈ ರೋಗದ ಆರಂಭದಲ್ಲಿ ಅನೇಕರು ಅದನ್ನು ಹೊರಹಾಕಬಲ್ಲವರಾಗಿರುತ್ತಾರೆ, ಆದ್ದರಿಂದ ಆಕ್ಸಿಜನ್ ಕುಸಿದರೂ ಅವರಿಗೆ ಏದುಸಿರಿನ ಅರಿವಾಗದಿರಬಹುದು. ನಾಡಿ ನೋಡುವವನಂತೆ ಅವರ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ: 34. ಎಣಿಸುತ್ತಿದ್ದೇವೆಂದು ಗೊತ್ತಾದರೆ ಉಸಿರಿನ ಗತಿ ಬದಲಾಗುತ್ತದೆ, ಅದಕ್ಕಾಗಿ ಈ ಉಪಾಯ. ನಿಮಿಷಕ್ಕೆ 30 ದಾಟಿದರೆ ಅದು ತೀವ್ರ ಸ್ಥಿತಿ.

ಕುಳಿತಾಗ 95 ಇರುವವರನ್ನು ಮನೆಗೆ ಕಳುಹಿಸುವ ಮುನ್ನ ಕೊಠಡಿಯೊಳಗೇ ನಲವತ್ತು ಹೆಜ್ಜೆ ನಡೆಸಿ ನೋಡುತ್ತಿದ್ದೆ. ಮೂರು ಅಂಕ ಇಳಿದರೆ ಉಳಿಸಿಕೊಳ್ಳುತ್ತಿದ್ದೆ. ಕುಳಿತಲ್ಲೇ ಕಡಿಮೆಯಿದ್ದವರನ್ನು ನಡೆಸುತ್ತಿರಲಿಲ್ಲ. ಉಗುರುಬಣ್ಣ, ತಣ್ಣಗಾದ ಬೆರಳು ಯಂತ್ರವನ್ನು ದಾರಿ ತಪ್ಪಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಹಠಾತ್ ಎದೆನೋವು ಅಥವಾ ಒಂದೇ ಕಾಲಿನ ಊತವಿದ್ದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಹುಡುಕುತ್ತಿದ್ದೆವು.

2020ರ ಜೂನ್‌ನಲ್ಲಿ ಸ್ಟೀರಾಯ್ಡ್ ಔಷಧವಾದ ಡೆಕ್ಸಾಮೆಥಸೋನ್‌ನ ಪ್ರಯೋಗದ ಫಲಿತಾಂಶ ಬಂದ ಮೇಲೆ ಈ ಅಳತೆಗಳ ಬೆಲೆ ಮತ್ತಷ್ಟು ಹೆಚ್ಚಿತು, ಏಕೆಂದರೆ ಆಕ್ಸಿಜನ್ ಬೇಕಾದವರ ಜೀವ ಉಳಿಸುವ ಆ ಔಷಧದಿಂದ ಆಕ್ಸಿಜನ್ ಬೇಡದವರಿಗೆ ಪ್ರಯೋಜನ ಕಂಡಿರಲಿಲ್ಲ. ವೈರಸ್ಸಿನ ಓಮಿಕ್ರಾನ್ ರೂಪಾಂತರಿ ಬಂದಾಗ ಗಂಟಲು ನೋವು, ಸೋರುವ ಮೂಗು ಮುಂದಾಗಿ, ವಾಸನೆ ಹೋಗುವುದು ವಿರಳವಾಯಿತು. ಆದರೂ ವಯಸ್ಸಾದವರೊಂದಿಗೆ ಬಂದವರನ್ನು ನಾನು ಇಂದಿಗೂ ಮೊದಲು ಕೇಳುವುದು, "ಇವರು ಎಂದಿನ ಹಾಗೆ ಇದ್ದಾರಾ?" ಎಂದೇ.