ಪಿಬಿಎಸ್ ಮೇಲೋ, ಎಸ್‌ಪಿಬಿ ಮೇಲೋ: ಮಾತು ಬಿಡದ ಹಾಗೆ ವಾದ ಮಾಡುವುದು ಹೇಗೆ

ನಮ್ಮದು ಹಾಸನದಲ್ಲಿ ಮೈಕ್‌ಸೆಟ್ ಬಾಡಿಗೆ ಅಂಗಡಿ. ಗಣಪತಿ ಪೆಂಡಾಲು, ಮದುವೆ, ಊರಹಬ್ಬ, ಎಲ್ಲ ಕಡೆ ಹಾಡು ಹಾಕುವವರು ನಾವು. ಹಾಗಾಗಿ ಸಿನಿಮಾ ಗಾಯಕರಲ್ಲಿ ಪಿ.ಬಿ. ಶ್ರೀನಿವಾಸ್ ದೊಡ್ಡವರಾ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದೊಡ್ಡವರಾ ಅನ್ನೋ ಪಂಚಾಯ್ತಿ ನಮ್ಮ ಅಂಗಡಿ ಬೆಂಚಿನ ಮೇಲೆ ನಡೆಯದ ವಾರವಿಲ್ಲ. ಬರೀ ಬಾಯಲ್ಲಿ ವಾದ ಮಾಡಿದರೆ ಇದು ಮುಗಿಯುವುದಿಲ್ಲ. ಕೊನೆಗೆ ಒಬ್ಬನ ಮನೆ ಫಂಕ್ಷನ್ನಿಗೆ ಇನ್ನೊಬ್ಬ ಬರುವುದಿಲ್ಲ, ಅಷ್ಟೆ. ಹಾಡು ಹಾಕಿಕೊಂಡು, ಒಂದು ಕ್ರಮದಲ್ಲಿ ಕೂತರೆ ಮಾತ್ರ ಮಜಾ.

ಮೊದಲು ಸ್ಪೀಕರ್ ಸರಿ ಮಾಡಿಕೊಳ್ಳಿ. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಂಬಕ್ಕೆ ಕಟ್ಟುವ ಹಾರ್ನ್ ಇದೆಯಲ್ಲ, ಅದನ್ನು ಮಾಡಿರುವುದೇ ದೂರಕ್ಕೆ ಕೇಳಲಿ ಅಂತ. ತಗ್ಗಿನ ಸ್ವರ ಅದರಲ್ಲಿ ಬರುವುದೇ ಕಡಿಮೆ. ಪಿಬಿಎಸ್ ಗಂಟಲಿನ ಸೊಗಸೆಲ್ಲ ಇರುವುದು ಆ ತಗ್ಗಿನಲ್ಲಿ. ‘ಎರಡು ಕನಸು’ ಚಿತ್ರದ ‘ಬಾಡಿ ಹೋದ ಬಳ್ಳಿಯಿಂದ’ ಹಾಡನ್ನು ಹಾರ್ನಿನಲ್ಲಿ ಹಾಕಿ ನೋಡಿ, ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಯಾರೋ ಅಳುತ್ತಿರುವ ಹಾಗೆ ಕೇಳುತ್ತದೆ. ಎಸ್‌ಪಿಬಿ ಧ್ವನಿ ಹಾಗಲ್ಲ. ಅದು ಹಾರ್ನ್ ಸೀಳಿಕೊಂಡು ಮೂರು ಬೀದಿ ಆಚೆಗೂ ಹೋಗುತ್ತದೆ. ನಮ್ಮ ಕಡೆ ಪೆಂಡಾಲುಗಳಲ್ಲಿ ಹಾಡು ಕೇಳಿ ಬೆಳೆದವರು ಬಹಳ ಜನ ಎಸ್‌ಪಿಬಿ ಪಾರ್ಟಿ ಆಗಿರುವುದಕ್ಕೆ ಹಾರ್ನೂ ಒಂದು ಕಾರಣ ಅಂತ ನನ್ನ ಲೆಕ್ಕ. ಆದ್ದರಿಂದ ಬಾಕ್ಸ್ ಸ್ಪೀಕರಿನಲ್ಲೇ ಕೇಳಿ. ಬ್ಲೂಟೂತ್ ಸ್ಪೀಕರ್ ಆದರೆ ಬೇಸ್ ಬೂಸ್ಟ್ ಆಫ್ ಮಾಡಿ. ಫೋನಿನ ಈಕ್ವಲೈಜರ್ ಫ್ಲಾಟ್‌ಗೆ ತನ್ನಿ. ಯಾರೋ ಪುಣ್ಯಾತ್ಮ ಎಕೋ ಸೇರಿಸಿ ಹಾಕಿರುವ ಹಾಡಂತೂ ಬೇಡವೇ ಬೇಡ.

ಎರಡನೆಯದು, ಕಾಲ ನೋಡಿ ಜೋಡಿ ಮಾಡಿ. ಅರವತ್ತರ ದಶಕದ ಪಿಬಿಎಸ್ ಹಾಡಿನ ಎದುರು ತೊಂಬತ್ತರ ದಶಕದ ಎಸ್‌ಪಿಬಿ ಹಾಡು ಇಡುವುದು ಮೋಸ. ಆಗ ಮದರಾಸಿನ ಸ್ಟುಡಿಯೋದಲ್ಲಿ ಹಾಡುವವರು, ವಾದ್ಯದವರು ಎಲ್ಲ ಒಟ್ಟಿಗೆ ರೆಕಾರ್ಡ್ ಮಾಡುತ್ತಿದ್ದರು. ಪಿಟೀಲಿನವನು ತಪ್ಪಿದರೂ ಗಾಯಕ ಮತ್ತೆ ಮೊದಲಿಂದ ಹಾಡಬೇಕು. ಆಮೇಲೆ ಒಬ್ಬೊಬ್ಬರದನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡುವ ಟ್ರ್ಯಾಕ್ ಬಂತು, ಒಂದೊಂದೇ ಸಾಲು ತಿದ್ದಬಹುದಾಯಿತು.

ಇದಕ್ಕೆ ಹೇಳಿ ಮಾಡಿಸಿದ ಚಿತ್ರ 1972ರ ‘ನಾಗರಹಾವು’. ಒಂದೇ ಸಿನಿಮಾ, ವಿಜಯಭಾಸ್ಕರ್ ಅವರದೇ ಸಂಗೀತ, ವಿಷ್ಣುವರ್ಧನ್ ಅವರದೇ ಮುಖ. ‘ಬಾರೆ ಬಾರೆ’ ಹಾಡಿದವರು ಪಿಬಿಎಸ್, ‘ಹಾವಿನ ದ್ವೇಷ’ ಹಾಡಿದವರು ಎಸ್‌ಪಿಬಿ. ಆಗ ಪಿಬಿಎಸ್‌ಗೆ 42, ಎಸ್‌ಪಿಬಿಗೆ 26 ವರ್ಷ. ಎರಡನ್ನೂ ಹಿಂದೆ ಮುಂದೆ ಹಾಕಿ, ಕಣ್ಣು ಮುಚ್ಚಿ ಕೇಳಿ. ವಿಡಿಯೋ ನೋಡಬೇಡಿ, ಚಿತ್ರದುರ್ಗದ ಕೋಟೆ ಕಂಡರೆ ಕಿವಿ ಕೆಲಸ ನಿಲ್ಲಿಸುತ್ತದೆ. ಪಿಬಿಎಸ್ ಧ್ವನಿ ಏರಿಸುವುದೇ ಇಲ್ಲ. ಹುಡುಗಿ ಪಕ್ಕದಲ್ಲೇ ಇದ್ದಾಳೆ, ಕೂಗುವುದು ಯಾಕೆ ಅನ್ನುವ ಹಾಗೆ ಕರೆಯುತ್ತಾರೆ. ಎಸ್‌ಪಿಬಿ ಹಾಡಿನಲ್ಲಿ ದ್ವೇಷ, ವರುಷ, ರೋಷ ಅಂತ ‘ಷ’ ಮೇಲೆ ‘ಷ’ ಬರುತ್ತದೆ. ಆ ಒಂದೊಂದು ‘ಷ’ವನ್ನೂ ಅವರು ಹಲ್ಲು ಕಚ್ಚಿ ಬಿಡುವುದನ್ನು ಗಮನಿಸಿ. ಹಾವು ಬುಸುಗುಟ್ಟಿದ್ದು ಅಲ್ಲೇ. ಈ ಹಾಡನ್ನು ಪಿಬಿಎಸ್ ಹಾಡಿದ್ದರೆ ಚಿತ್ರದ ನಾಯಕ ರಾಮಾಚಾರಿ ಅರ್ಧ ಸಿಟ್ಟು ಕಳೆದುಕೊಳ್ಳುತ್ತಿದ್ದ. ಇದನ್ನು ಪಿಬಿಎಸ್ ಪಾರ್ಟಿಯವನಾದ ನಾನೇ ಹೇಳುತ್ತಿದ್ದೇನೆ.

ಇನ್ನೊಂದು ಜೋಡಿ ಬೇಕು ಅಂದರೆ ಸಂಗೀತ ನಿರ್ದೇಶಕರಾದ ರಾಜನ್–ನಾಗೇಂದ್ರ ಅವರನ್ನು ಹಿಡಿಯಿರಿ. 1974ರ ‘ಎರಡು ಕನಸು’ ಚಿತ್ರಕ್ಕೆ ಪಿಬಿಎಸ್, 1976ರ ‘ಬಯಲುದಾರಿ’ಯ ‘ಎಲ್ಲಿರುವೆ’ ಹಾಡಿಗೆ ಎಸ್‌ಪಿಬಿ. ನಡುವೆ ಎರಡೇ ವರ್ಷ. ಎರಡೂ ಕಡೆ ಮೆಲೋಡಿಯೇ. ಇಲ್ಲಿ ಎಸ್‌ಪಿಬಿ ಕೂಗುವವರು, ಪಿಬಿಎಸ್ ಮೆತ್ತಗಿನವರು ಅನ್ನೋ ಹಳೇ ಮಾತು ನಿಲ್ಲುವುದೇ ಇಲ್ಲ.

ಕೆಲವು ಮಾತನ್ನು ಮೊದಲೇ ಬಂದ್ ಮಾಡಿ. ‘ಅವರು ಕನ್ನಡದವರಾ?’ ಅಂತ ಒಬ್ಬ ಕೇಳೇ ಕೇಳುತ್ತಾನೆ. ಪಿಬಿಎಸ್ ಕಾಕಿನಾಡದವರು, ಎಸ್‌ಪಿಬಿ ನೆಲ್ಲೂರು ಕಡೆಯವರು, ಇಬ್ಬರ ಮನೆಮಾತೂ ತೆಲುಗು. ಲೆಕ್ಕ ಸಮ. ಬೇಕಾದರೆ ಅವರ ಬಾಯಲ್ಲಿ ‘ಳ’, ‘ಣ’ ಹೇಗೆ ಬರುತ್ತದೆ ಅಂತ ಕೇಳಿ, ಅದು ಕೆಲಸದ ಮಾತು. ಪ್ರಶಸ್ತಿ ಎಣಿಸುವುದೂ ಬೇಡ. ಎಸ್‌ಪಿಬಿಗೆ ನಾಲ್ಕು ಭಾಷೆಗಳಲ್ಲಿ ಆರು ರಾಷ್ಟ್ರಪ್ರಶಸ್ತಿ ಬಂದಿದೆ, ಎಣಿಸಲು ಕೂತರೆ ಅಲ್ಲಿಗೆ ವಾದ ಮುಗಿಯಿತು. ಆದರೆ ಅದರಲ್ಲಿ ಒಂದನ್ನು ಕೇಳಲೇಬೇಕು, ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ ‘ಉಮಂಡ ಘುಮಂಡ’. ಕ್ರಮವಾಗಿ ಶಾಸ್ತ್ರೀಯ ಸಂಗೀತ ಕಲಿಯದ ಮನುಷ್ಯ ಹಿಂದೂಸ್ತಾನಿಯನ್ನು ಹಾಗೆ ಹಾಡಿದ್ದಾರೆ ಅಂದರೆ ಪಿಬಿಎಸ್ ಪಾರ್ಟಿ ಸುಮ್ನೆ ಕೂರಬೇಕಾಗುತ್ತದೆ.

ಅಣ್ಣಾವ್ರ ಅಭಿಮಾನಿ ಒಬ್ಬ ಗುಂಪಿನಲ್ಲಿ ಇದ್ದೇ ಇರುತ್ತಾನೆ. ‘ಏನಣ್ಣಾ ನೀವು, ಅಣ್ಣಾವ್ರಿಗಿಂತ ಯಾರಿದ್ದಾರೆ?’ ಅಂತ ನಡುವೆ ಬಾಯಿ ಹಾಕುತ್ತಾನೆ. ಹಾಸನದಲ್ಲಿ ಇವನನ್ನು ಹೊರಗೆ ಕಳಿಸುವ ಧೈರ್ಯ ಯಾರಿಗೂ ಇಲ್ಲ. ಕಳಿಸಲೂಬೇಡಿ, ಅವನಿಂದ ಒಂದು ಉಪಯೋಗವಿದೆ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ ಹಾಡಿದ ಮೇಲೆ ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದರು. ಅಲ್ಲಿಯವರೆಗೆ ಅವರ ಧ್ವನಿಯಾಗಿದ್ದ ಪಿಬಿಎಸ್‌ಗೆ ಇಲ್ಲಿ ಅವಕಾಶ ಇಳಿಯುತ್ತಾ ಬಂತು. ಎಸ್‌ಪಿಬಿ ಏರಿದ್ದು ಆಮೇಲೆಯೇ. ಇದನ್ನು ಆ ಅಭಿಮಾನಿಯ ಬಾಯಿಂದಲೇ ಹೇಳಿಸಿ. ‘ಪಿಬಿಎಸ್ ಹಾಡು ಯಾಕೆ ಕಡಿಮೆಯಾಯಿತು, ಕೈಲಾಗಲಿಲ್ಲ ಅಲ್ವಾ?’ ಅನ್ನುವವನ ಬಾಯಿ ತಾನಾಗೇ ಮುಚ್ಚುತ್ತದೆ.

ಊರಲ್ಲಿ ಆರ್ಕೆಸ್ಟ್ರಾ ಹುಡುಗರಿದ್ದರೆ ಒಬ್ಬನನ್ನು ಕರೆದು ಎರಡೂ ಹಾಡಿಸಿ. ಎಸ್‌ಪಿಬಿ ಹಾಡಿನ ನಡುವೆ ನಗುತ್ತಾರಲ್ಲ, ಆ ನಗುವನ್ನು ಎಲ್ಲರೂ ಹೊಡೆಯುತ್ತಾರೆ, ಶಿಳ್ಳೆಯೂ ಬೀಳುತ್ತದೆ. ಆದರೆ ಉಸಿರು ಎಲ್ಲಿ ಎಳೆದುಕೊಂಡರು ಅಂತ ಗೊತ್ತಾಗದ ಹಾಗೆ ಹಾಡುವುದು ಯಾರಿಗೂ ಬರುವುದಿಲ್ಲ. ಪಿಬಿಎಸ್ ಹಾಡು ಬಂದರೆ ಹುಡುಗ ಕೀಬೋರ್ಡಿನವನ ಕಡೆ ತಿರುಗಿ ‘ಅಣ್ಣಾ, ಶ್ರುತಿ ಒಂದು ಮನೆ ಮೇಲೆ’ ಅನ್ನುತ್ತಾನೆ. ಕೆಳಗೆ ಗಂಟಲು ನಿಲ್ಲುವುದಿಲ್ಲ. ಮಿಕ್ಸರ್ ಮುಂದೆ ಕೂತು ಇದನ್ನು ನೋಡುತ್ತಲೇ ಇರುತ್ತೇನೆ. ಮೇಲಿನ ಸ್ವರವನ್ನು ಜೋರಾಗಿ ಹಾಡಿ ದಾಟಿಸಬಹುದು. ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು’ ಹಾಡಿನ ತಗ್ಗನ್ನು ಹಾಗೆ ದಾಟಿಸಲು ಆಗುವುದಿಲ್ಲ. ನನ್ನ ಓಟು ಪಿಬಿಎಸ್‌ಗೆ ಬೀಳುವುದು ಇದೊಂದೇ ಕಾರಣಕ್ಕೆ. ಮಿಕ್ಕ ಎಲ್ಲದರಲ್ಲೂ, ಅಂದರೆ ಭಾವ ಬದಲಿಸುವುದು, ತಮಾಷೆ, ವೇಗ, ನಟನಿಗೆ ತಕ್ಕ ಧ್ವನಿ, ಎಸ್‌ಪಿಬಿ ಮುಂದೆ.

ತಿಂಡಿಗೆ ಆಲೂಗಡ್ಡೆ ಬೋಂಡ ಇರಲಿ, ಆದರೆ ಹಾಡಿನ ನಡುವೆ ಹಂಚಬೇಡಿ. ಕಾಫಿ ಎರಡು ಸುತ್ತು ಸಾಕು.

ಓಟು ಕೈ ಎತ್ತಿಸಿ ಕೇಳಬೇಡಿ. ಅಂಗಡಿ ಓನರ್ ಯಾವ ಕಡೆಯೋ ಸಾಲ ಇರುವವರೆಲ್ಲ ಆ ಕಡೆ ಕೈ ಎತ್ತುತ್ತಾರೆ. ಚೀಟಿ ಕೊಡಿ. ಚೀಟಿಯಲ್ಲಿ ಬರೀ ಹೆಸರಿದ್ದರೆ ಅದು ಅಸಿಂಧು, ಯಾವ ಹಾಡಿನ ಯಾವ ಸಾಲಿಗೆ ಓಟು ಅಂತ ಬರೆದಿರಬೇಕು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅಂತ ಕಾನೂನಿದೆ, ಎಣಿಕೆಯನ್ನು ಒಂಬತ್ತೂವರೆಗೇ ಶುರು ಮಾಡಿ. ಸೋತ ಪಾರ್ಟಿ ಬೋಂಡದ ದುಡ್ಡು ಕೊಡಬೇಕು. ಸಮ ಬಂದರೆ ಅಣ್ಣಾವ್ರ ಅಭಿಮಾನಿ ಕೊಡಲಿ.